ಇತಿಹಾಸ ಪಾಠವನ್ನು ವೀರಗಲ್ಲಿನಿಂದ ಆರಂಭಿಸಿ

ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ಗೆಳೆಯರೇ, ಹೊಯ್ಸಳರ ಪಾಠಕ್ಕೆ ಮುನ್ನ ಮಕ್ಕಳನ್ನು ಹತ್ತಿರದ ವೀರಗಲ್ಲಿನ ಬಳಿಗೆ ಕರೆದೊಯ್ಯಿರಿ. ಅರ್ಥವನ್ನು ನೀವು ಹೇಳಬೇಡಿ. ಕೆಳಗಿನಿಂದ ಮೇಲಕ್ಕೆ ನೋಡಲು ಮಾತ್ರ ಹೇಳಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಇರುತ್ತದೆ. ಹಸುಗಳು ಕಂಡರೆ, ‘ಇವೇಕೆ ಇಲ್ಲಿವೆ?’ ಎಂದು ಕೇಳಿ. ತುರುಗಳನ್ನು ಉಳಿಸಲು ಹೋರಾಡಿ ಮಡಿದವನ ಕಥೆ, ದನವೇ ಸಂಪತ್ತಾಗಿದ್ದ ಕಾಲ, ಎಲ್ಲವೂ ಆ ಒಂದು ಪ್ರಶ್ನೆಯಿಂದ ಬಿಚ್ಚಿಕೊಳ್ಳುತ್ತದೆ. ಇಸವಿಗಳನ್ನು ಆಮೇಲೆ ಕೊಡಿ. ಸಾಕ್ಷ್ಯ ನೋಡಿ ತೀರ್ಮಾನಿಸುವ ಕೆಲಸವನ್ನು ಮಕ್ಕಳೇ ಮಾಡಿರುವುದರಿಂದ ಅವು ನೆನಪಿನಲ್ಲಿ ನಿಲ್ಲುತ್ತವೆ. ಕಲ್ಲಿನಲ್ಲಿ ಬರಹವಿದ್ದರೆ ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗವನ್ನು ಹುಡುಕಿ. ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು ಅಲ್ಲಿವೆ. ಅಕ್ಷರ ಕಾಣಿಸಲಿ ಎಂದು ಕಲ್ಲಿಗೆ ಸೀಮೆಸುಣ್ಣ ಬಳಿಯಲು ಮಾತ್ರ ಬಿಡಬೇಡಿ.