ಹಾರ್ಸ್‌ಪವರ್ ನೋಡಿ ಮೊದಲ ಗೇರ್‌ಬಾಕ್ಸ್ ತಂದಿದ್ದೆ

ಬೈಕಂಪಾಡಿಯ ಶೆಡ್‌ನಲ್ಲಿ ಆ ಗೇರ್‌ಬಾಕ್ಸ್ ಬಿಚ್ಚಿದಾಗ ಕವಚ ತೂತಾಗಿತ್ತು. ಮೆಕ್ಯಾನಿಕ್ ಅಣ್ಣ ಒಳಗೆ ಬೆರಳಾಡಿಸಿ, "ಹಲ್ಲು ಒಂದೂ ಹೋಗಿಲ್ಲ ಮಾರಾಯ್ರೆ, ಕ್ರೌನ್ ವೀಲ್ ಹಿಡಿದಿದ್ದ ರಿವೆಟ್ ಹಾರಿದ್ದು" ಎಂದರು. ಕ್ರೌನ್ ವೀಲ್ ಅಂದರೆ ಬಾಕ್ಸ್‌ನ ಕೊನೆಯ ದೊಡ್ಡ ಹಲ್ಲುಚಕ್ರ.

ನಮ್ಮದು ಬಿಡಿಭಾಗ ತಂದು ನಾವೇ ಜೋಡಿಸಿದ ಎರಡು ಸೀಟಿನ ಕಿಟ್ ಕಾರ್. ರಸ್ತೆಗಲ್ಲ, ಮೈದಾನದಲ್ಲಿ ಓಡಿಸುವ ಆಟೋಕ್ರಾಸ್ ಸ್ಪರ್ಧೆಗೆ ಮಾತ್ರ. ಇಂಜಿನ್ ಸೀಟಿನ ಹಿಂದೆ. 1.8 ಲೀಟರ್ ಟರ್ಬೊ ಪೆಟ್ರೋಲ್, ಟ್ಯೂನ್ ಮಾಡಿಸಿದ ಮೇಲೆ 280 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಅದಕ್ಕೆ ಸಣ್ಣ ಕಾರೊಂದರ ಟ್ರಾನ್ಸ್‌ಆಕ್ಸಲನ್ನು (ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಕವಚದಲ್ಲಿ ಇರುವುದು), ಎರಡನ್ನೂ ಜೋಡಿಸುವ ಅಡಾಪ್ಟರ್ ಪ್ಲೇಟ್ ಮಾಡಿಸಿ ಕೂರಿಸಿದ್ದೆ. ಕಾರ್ ಹಗುರ, ತಡೆಯುತ್ತದೆ ಅಂದುಕೊಂಡೆ.

ಹಗುರ ಕಾರ್ ಬಾಕ್ಸನ್ನು ಉಳಿಸುತ್ತದೆ ಅನ್ನುವುದು ನಿಜವೇ. ಆದರೆ ಎಲ್ಲಿಯವರೆಗೆ? ನಾನು ಕೂತಾಗ ಕಾರ್ 850 ಕಿಲೋ. ವೇಗ ಏರುವಾಗ ಹಿಂದಿನ ಚಕ್ರಗಳ ಮೇಲೆ ಸುಮಾರು 580 ಕಿಲೋ ಬೀಳುತ್ತದೆ. ಒಳ್ಳೆ ಹಿಡಿತ ಇದ್ದರೂ ಎರಡೂ ಚಕ್ರ ಸೇರಿ 1,700 ನ್ಯೂಟನ್ ಮೀಟರ್ ದಾಟಿದರೆ ಜಾರುತ್ತವೆ. ಮೊದಲ ಗೇರ್ ಟಾರ್ಕನ್ನು 13 ಪಟ್ಟು ಮಾಡುತ್ತದೆ. ಅಂದರೆ ಇಂಜಿನ್ 130 ನ್ಯೂಟನ್ ಮೀಟರ್ ಕೊಟ್ಟರೇ ಚಕ್ರ ಜಾರುತ್ತದೆ, ಅದಕ್ಕಿಂತ ಜಾಸ್ತಿ ಭಾರ ಬಾಕ್ಸ್‌ಗೆ ಬೀಳುವುದಿಲ್ಲ. ಮೂರನೇ ಗೇರ್ 5.8 ಪಟ್ಟು. ಅಲ್ಲಿ ಚಕ್ರ ಜಾರುವುದಿಲ್ಲ, 280 ಪೂರ್ತಿ ಹಲ್ಲುಗಳ ಮೇಲೆಯೇ. ಹಾಗಾಗಿ ಬಾಕ್ಸ್ ಆರಿಸುವಾಗ ಮೂರನೇ ಗೇರನ್ನು ನೋಡಬೇಕು. ಹಾರ್ಸ್‌ಪವರ್ ನೋಡಿ ಪ್ರಯೋಜನ ಇಲ್ಲ.

ನಾನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟದ್ದು ಏಟನ್ನು. ನಮ್ಮ ಕಡೆಯ ಮೈದಾನ ಗೊತ್ತಲ್ವಾ, ಸಡಿಲ ಕೆಂಪು ಮಣ್ಣು, ನಡುನಡುವೆ ಮುರಕಲ್ಲು ಎದ್ದಿರುತ್ತದೆ. ಮಣ್ಣಿನಲ್ಲಿ ಗಿರ್ರನೆ ಸುತ್ತುತ್ತಿದ್ದ ಚಕ್ರ ಕಲ್ಲಿನ ಮೇಲೆ ಬಂದ ಕೂಡಲೇ ಕಚ್ಚಿಕೊಂಡಿತು. ಇಂಜಿನ್‌ಗೆ ಕಟ್ಟಿದ ಭಾರದ ಚಕ್ರ, ಅಂದರೆ ಸುತ್ತುತ್ತಿದ್ದ ಫ್ಲೈವೀಲ್‌ನ ಶಕ್ತಿಯೆಲ್ಲ ಒಂದೇ ಏಟಿಗೆ ಎರಡು ಚಕ್ರಗಳಿಗೆ ಟಾರ್ಕ್ ಹಂಚುವ ಡಿಫರೆನ್ಷಿಯಲ್‌ಗೆ ಬಂತು. ರಿವೆಟ್ ಹೋದದ್ದು ಆಗಲೇ. ಕ್ಲಚ್ ಒಮ್ಮೆಲೇ ಬಿಟ್ಟರೂ ಇದೇ ಕಥೆ.

ಎರಡನೇ ಸಲ ಫೋಕ್ಸ್‌ವ್ಯಾಗನ್ ಬಳಗದ ಎಂಕ್ಯೂ350 ಗೇರ್‌ಬಾಕ್ಸ್ ಹುಡುಕಿದೆ. ಆ ಹೆಸರಿನ ಸಂಖ್ಯೆಯೇ ಅದು ಹೊರುವ ಟಾರ್ಕ್, 350 ನ್ಯೂಟನ್ ಮೀಟರ್. ಎಂಕ್ಯೂ250, ಎಂಕ್ಯೂ200 ಅನ್ನುವುದಕ್ಕೂ ಅದೇ ಅರ್ಥ. 280ಕ್ಕೆ 350 ಅಂದರೆ ಕಾಲು ಭಾಗ ಜಾಸ್ತಿ. ಏಟು ತಿನ್ನುವ ಕಾರಿಗೆ ಅಷ್ಟಾದರೂ ಬೇಕು ಅನ್ನುವುದು ನನ್ನ ಅಭಿಪ್ರಾಯ. ಸಿಕ್ಕಿದ್ದು 2.0 ಡೀಸೆಲ್ ಕಾರಿನದು, ಆರು ಗೇರ್. ತೂಕ ಜಾಸ್ತಿ. ಡೀಸೆಲ್‌ಗೆ ಹೊಂದಿಸಿದ ಗೇರ್‌ಗಳಾದ್ದರಿಂದ ಮೂರನೆಯದರಲ್ಲಿ ಎಳೆತ ಸ್ವಲ್ಪ ಕಡಿಮೆ. ಅದಕ್ಕೆ ಒಪ್ಪಿಕೊಂಡೆ.

ಕೂರಿಸುವ ಮೊದಲೇ ಬಿಚ್ಚಿಸಿ, ಕ್ರೌನ್ ವೀಲ್‌ನ ರಿವೆಟ್ ಕೊರೆದು ತೆಗೆದು ಹೈ ಟೆನ್ಸೈಲ್ ಬೋಲ್ಟ್ ಹಾಕಿಸಿದೆವು. ಬಾಕ್ಸ್ ಗಾಳಿಯಾಡುವ ತೂತಿಗೆ, ಅಂದರೆ ಬ್ರೀದರ್‌ಗೆ, ಉದ್ದ ಪೈಪ್ ಹಾಕಿ ಮೇಲಕ್ಕೆ ಕಟ್ಟಿದೆವು. ಮಂಗಳೂರಿನ ಮಳೆಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಕೆಸರು ನೀರು ಒಳಗೆ ಹೋಗಿ ಎಣ್ಣೆ ಹಾಲಿನ ಹಾಗೆ ಆಗುತ್ತದೆ. ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟನ್ನು ಮಾತ್ರ ಬೇಕೆಂದೇ ಮೊದಲಿನಷ್ಟೇ ದಪ್ಪ ಇಟ್ಟೆ, ಜಾಸ್ತಿ ಮಾಡಲಿಲ್ಲ. ಮುರಿಯುವುದಿದ್ದರೆ ಅದೇ ಮುರಿಯಲಿ, ಮೈದಾನದಲ್ಲೇ ಬದಲಿಸಬಹುದು.

ಮೊನ್ನೆ ಎಣ್ಣೆ ಬದಲಿಸಿದೆವು. ಡ್ರೈನ್ ಪ್ಲಗ್‌ನ ಅಯಸ್ಕಾಂತದ ಮೇಲೆ ತೆಳುವಾದ ಬೂದು ಅಂಟು ಬಿಟ್ಟರೆ ಲೋಹದ ಚೂರು ಒಂದೂ ಇರಲಿಲ್ಲ.