ಕನ್ನಡದಲ್ಲಿ ಚೀನಾ ಪಾಡ್‌ಕ್ಯಾಸ್ಟ್: ಕೈ ಹಿಡಿದಿದ್ದು ಕೋಳಿ ಪುಕ್ಕ

ಚೀನಾ ಇತಿಹಾಸದ ಬಗ್ಗೆ ಕನ್ನಡದಲ್ಲಿ ಪಾಡ್‌ಕ್ಯಾಸ್ಟ್ ಮಾಡ್ತೀನಿ, ಅದರ ಮೊದಲನೇ ಸೀಸನ್ ಪೂರ್ತಿ ಮುಳುಗಿತ್ತು. ಅಲ್ಲಿನ ಹಳೇ ರಾಜವಂಶ ಶಾಂಗ್‌ನಿಂದ ಹಿಡಿದು ಕೊನೇ ರಾಜವಂಶ ಚಿಂಗ್ ತನಕ ವರಸೆಯಾಗಿ ಹೇಳ್ಕೊಂಡು ಹೋದೆ, ಒಂದೊಂದು ಎಪಿಸೋಡು ಮುಕ್ಕಾಲು ಗಂಟೆ, ಆರೇಳು ನಿಮಿಷಕ್ಕೇ ಮುಕ್ಕಾಲು ಪಾಲು ಜನ ಎದ್ದು ಹೋಗಿರೋರು. ಎಡಿಟರ್‌ಗೆ ಎಪಿಸೋಡಿಗೆ ಸಾವಿರದೈನೂರು, ಸ್ಟುಡಿಯೋ ಬಾಡಿಗೆ ಬೇರೆ, ಹತ್ತತ್ರ 70 ಸಾವಿರ ಹೋಯ್ತು. ಸ್ಟುಡಿಯೋದವ್ರು ಎರಡು ರೆಕಾರ್ಡಿಂಗ್ ಕಳೆದುಹಾಕಿ ದುಡ್ಡೂ ವಾಪಸ್ ಕೊಡ್ಲಿಲ್ಲ, ಆ ಸಿಟ್ಟು ಇನ್ನೂ ಇದೆ. ಪಾಡ್‌ಕ್ಯಾಸ್ಟ್ ಮಾಡೋ ಗೆಳೆಯರೆಲ್ಲ "ಚೀನಾ ಬಗ್ಗೆ ಬೇಕಾದೋರು ಇಂಗ್ಲಿಷಲ್ಲೇ ಕೇಳ್ತಾರೆ ಗುರೂ, ಸುಮ್ನೆ ಸಿನಿಮಾ ಬಗ್ಗೆ ಮಾಡು" ಅಂದ್ರು. ನಾನು ಬಿಡ್ಲಿಲ್ಲ.

ದಾರಿ ಸಿಕ್ಕಿದ್ದು ಯಿವೂ ಅನ್ನೋ ಊರಿನ ಕತೇಲಿ. ಝೆಜಿಯಾಂಗ್ ಪ್ರಾಂತ್ಯದಲ್ಲಿದೆ, ಭೂಮಿಯಲ್ಲಿ ಸತ್ವ ಕಮ್ಮಿ. ಅಲ್ಲಿನ ರೈತರು ಹೆಗಲ ಮೇಲೆ ಅಡ್ಡೆ ಹೊತ್ಕೊಂಡು, ಗಿಲಕಿ ಆಡಿಸ್ಕೊಂಡು ಹಳ್ಳಿಹಳ್ಳಿ ಸುತ್ತಿ ಬೆಲ್ಲದ ಮಿಠಾಯಿ ಕೊಟ್ಟು ಕೋಳಿ ಪುಕ್ಕ ತಗೊಳ್ಳೋರು, ಪುಕ್ಕ ಗದ್ದೆಗೆ ಗೊಬ್ಬರ. ಮಾವೋ ಕಾಲದಲ್ಲಿ ಇಂಥ ವ್ಯಾಪಾರಾನೇ ತಪ್ಪು. 1978ರಲ್ಲಿ ಆರ್ಥಿಕ ಸುಧಾರಣೆ ಶುರುವಾದ್ರೂ ಕೆಳಗಿನ ಅಧಿಕಾರಿಗಳಿಗೆ ಧೈರ್ಯ ಸಾಲದು, 1982ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಾರ್ಟಿ ಕಾರ್ಯದರ್ಶಿ ಶಿಯೆ ಗಾವ್‌ಹ್ವಾ ಏನಾದ್ರೂ ಆದ್ರೆ ನಂದೇ ಹೊಣೆ ಅಂತ ಸಂತೆ ತೆಗೆಸಿದ. ಇವತ್ತಿನ ಆ ಭಾರೀ ಹೋಲ್‌ಸೇಲ್ ಮಾರ್ಕೆಟ್ಟಿನ ಮೂಲ ಅದು. 2014ರಲ್ಲಿ ಅಲ್ಲಿಂದ ಮ್ಯಾಡ್ರಿಡ್ ತನಕ ಗೂಡ್ಸ್ ರೈಲೇ ಹೊರಡ್ತು.

ಆದ್ರೆ ಎಪಿಸೋಡ್ ಶುರು ಮಾಡಿದ್ದು ನಮ್ಮಜ್ಜಿಯಿಂದ. ತಲೆ ಬಾಚ್ದಾಗ ಬಂದ ಕೂದಲನ್ನ ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆ ಸಂದಿಗೆ ಸಿಕ್ಕಿಸೋರು, ಕೂದಲು ಕೊಳ್ಳೋನು ಬೀದೀಲಿ ಕೂಗಿದ್ರೆ ಅದಿಷ್ಟೂ ಕಿತ್ಕೊಟ್ಟು ಪಿನ್ನು, ಸಣ್ಣ ಪಾತ್ರೆ ತಗೊಳ್ಳೋರು. ಅಲ್ಲಿಂದ ಕೋಳಿ ಪುಕ್ಕಕ್ಕೆ ಹಾರಿದೆ. 18 ನಿಮಿಷ, ಮೊದಲ ಎರಡು ನಿಮಿಷ ಒಂದೂ ಚೀನೀ ಹೆಸರಿಲ್ಲ. ಕೊನೆ ತನಕ ಕೇಳಿದೋರು ನೂರಕ್ಕೆ ಅರವತ್ತು! ಆಮೇಲಿಂದ ಎಲ್ಲಾ ಎಪಿಸೋಡೂ ಮನೇಲಿರೋ ಒಂದು ವಸ್ತುವಿಂದಾನೇ. ಯಾವ ವಸ್ತು ಯಾವ ಕತೆಗೆ ಕೂರುತ್ತೆ ಅಂತ ಆರಿಸೋ ರೀತಿ ಮಾತ್ರ ಹೇಳಲ್ಲ, ಎರಡು ವರ್ಷ ತಿಂದಿದೆ ಅದು.

ಮಧ್ಯೆ ಚೀನೀ ಹೆಸರುಗಳ ಉಚ್ಚಾರಣೆಗೆ ಕೈ ಹಾಕಿದೆ. ಚೀನಾದ ಮುಖ್ಯ ಭಾಷೆ ಮ್ಯಾಂಡರಿನ್‌ನಲ್ಲಿ ನಮ್ಮ ಹಾಗೆ ಬ, ಡ ಇಲ್ಲ, ಅಲ್ಲಿ ಇರೋದು ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ, ಅಂದ್ರೆ ಕನ್ನಡ ಲಿಪಿ ಇಂಗ್ಲಿಷಿಗಿಂತ ಚೆನ್ನಾಗಿ ಹೊಂದುತ್ತೆ. ಖುಷಿಯಾಗಿ, ಆ 1978ರ ಸುಧಾರಣೆ ತಂದ ನಾಯಕ ಡೆಂಗ್ ಶಿಯಾವೋಪಿಂಗ್‌ನ ತಂಗ್ ಶಿಯಾವ್‌ಫಿಂಗ್ ಅಂತ ಸ್ಕ್ರಿಪ್ಟಲ್ಲಿ ಬರ್ಕೊಂಡು ಓದಿದೆ. ಕೇಳಿದೋರೆಲ್ಲ ಈ ತಂಗ್ ಯಾರು ಅಂದ್ರು. ಫ ಬರೆದ್ರೆ ನನ್ನ ಬಾಯೂ ಇಂಗ್ಲಿಷ್ ಎಫ್ ಕಡೆ ಹೋಗೋದು. ನಾಲ್ಕು ಎಪಿಸೋಡ್ ಆದ್ಮೇಲೆ ಡೆಂಗ್‌ಗೇ ವಾಪಸ್.

ಈಗ ಖರ್ಚು ಎಪಿಸೋಡಿಗೆ ಮುನ್ನೂರು ದಾಟಲ್ಲ. ಒಂಬತ್ತು ಸಾವಿರದ ಡೈನಾಮಿಕ್ ಮೈಕು, ಬೀರು ಬಾಗಿಲು ತೆಗೆದು ಕಂಬಳಿ ನೇತುಹಾಕಿದ ರೂಮು, ಎಡಿಟಿಂಗ್ ನಾನೇ. ಸುಮಾರು 40 ಕೇಳುಗರು ತಿಂಗಳಿಗೆ ಇನ್ನೂರು ಇನ್ನೂರು ಕಳಿಸ್ತಾರೆ. ಕಳೆದ ತಿಂಗಳು ಕೊಪ್ಪಳದ ಭಾಗ್ಯನಗರದಿಂದ ಕೂದಲು ಬಿಡಿಸೋ ಕೆಲಸದ ಅಕ್ಕ ಒಬ್ರು ವಾಯ್ಸ್ ಮೆಸೇಜ್ ಹಾಕಿದ್ರು: "ನಿಮ್ಮ ಅಜ್ಜಿ ಉಂಡಿ ಎಲ್ಲಿಗಿ ಹೋಗ್ತಿತ್ತಂತ ಗೊತ್ತೇನ್ರಿ? ಇಲ್ಲಿಗ್ ಬರ್ರಿ, ತೋರಸ್ತೀನಿ." ಮುಂದಿನ ಎಪಿಸೋಡು ಅಲ್ಲೇ ರೆಕಾರ್ಡು, ಅಲ್ಲಿಂದ ಚೀನಾದ ವಿಗ್ ಊರು ಶೂಚಾಂಗ್‌ಗೆ. ಹುಬ್ಬಳ್ಳಿ ಟಿಕೆಟ್ ಆಗಿದೆ.