ಗೇಮಿನ ಪಾತ್ರದ ಹೆಸರಿಗೆ ಮೂಲ ಹುಡುಕುವ ಬಗೆ

ದಸರಾ ರಜೆಗೆಂದು ಸಿಂಧನೂರಿನಿಂದ ಮಸ್ಕಿಗೆ ಬಂದಿದ್ದ ಅಕ್ಕನ ಮಗ ‘ಫೈನಲ್ ಫ್ಯಾಂಟಸಿ’ ಎಂಬ ಜಪಾನೀ ವಿಡಿಯೊ ಗೇಮ್ ಸರಣಿಯ ಆಟವೊಂದನ್ನು ಆಡುತ್ತ ಕುಳಿತವನು ತಟ್ಟನೆ ತಲೆಯೆತ್ತಿ, “ಮಾಮಾ, ಇದ್ರಾಗ ಶಿವ ಹೆಂಗಸು ಯಾಕ ಆಗ್ಯಾನ?” ಎಂದು ಕೇಳಿದ. ಪರದೆಯ ಮೇಲೆ ನೀಲಿ ಮೈಬಣ್ಣದ ಹೆಣ್ಣೊಬ್ಬಳು ಚಿಟಿಕೆ ಹೊಡೆದು ವೈರಿಗಳನ್ನು ಮಂಜುಗಡ್ಡೆಯಾಗಿಸಿ ಪುಡಿಗಟ್ಟುತ್ತಿದ್ದಳು. ಹೆಸರು ಮಾತ್ರ ಶಿವ. ನಾನು ಉತ್ತರ ಹೇಳಲಿಲ್ಲ. ಹಳೆಯ ನೋಟ್ ಪುಸ್ತಕವೊಂದನ್ನು ಅವನ ಕೈಗಿಟ್ಟು, ಹೆಸರಿನ ಮೂಲ ಹುಡುಕುವ ಕೆಲಸಕ್ಕೆ ಇಬ್ಬರೂ ಕುಳಿತೆವು. ಆ ಮೂರು ದಿನಗಳಲ್ಲಿ ನಾವು ಹಿಡಿದ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಪುಟದ ಮೇಲೆ ಉದ್ದಕ್ಕೆ ಗೆರೆ ಎಳೆದು ಹೆಸರು, ರೂಪ, ಕೆಲಸ ಎಂದು ಮೂರು ಅಂಕಣ ಮಾಡಿಕೊಳ್ಳಬೇಕು. ಗೇಮ್ ತಯಾರಿಸುವವರು ಪುರಾಣದಿಂದ ಈ ಮೂರನ್ನೂ ಒಟ್ಟಿಗೆ ಎತ್ತಿಕೊಳ್ಳುವುದು ಅಪರೂಪ. ಸರಣಿಯ ಮೂರನೆಯ ಗೇಮಿನಲ್ಲಿ, 1990ರಲ್ಲಿ, ಮೊದಲು ಕಾಣಿಸಿಕೊಂಡ ಈ ಶಿವನಲ್ಲಿ ನಮ್ಮದೆಂದು ಗುರುತಿಸಬಹುದಾದದ್ದು ಹೆಸರೊಂದೇ. ಕೈಲಾಸದ ಹಿಮದಿಂದಲೇ ಮಂಜಿನ ಶಕ್ತಿ ಬಂದಿರಬೇಕು ಎಂದು ಹುಡುಗ ಕೂಡಲೇ ಬರೆಯಹೊರಟ. ಅದು ಊಹೆ, ಆದ್ದರಿಂದ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕು ಎಂದೆ. ಅದೇ ಗೇಮಿನ ಇಫ್ರೀತ್‌ನ ಸಂಗತಿ ಬೇರೆ. ನಮ್ಮ ಭಾಗದಲ್ಲಿ ಉರ್ದು ಬಲ್ಲ ನೆರೆಯವರನ್ನು ಕೇಳಿದರೂ ಅದು ಜಿನ್‌ಗಳ ಒಂದು ಬಗೆಯೆಂದು ಹೇಳಿಯಾರು. ಕುರಾನಿನ 27ನೆಯ ಅಧ್ಯಾಯದಲ್ಲಿ ಇಫ್ರೀತನೊಬ್ಬ ಅರಸ ಸುಲೈಮಾನನಿಗೆ, ನೀವು ಕುಳಿತಲ್ಲಿಂದ ಏಳುವುದರೊಳಗೆ ಶೀಬಾದ ರಾಣಿಯ ಸಿಂಹಾಸನವನ್ನು ತಂದುಕೊಡುತ್ತೇನೆ ಎನ್ನುತ್ತಾನೆ. ಜಿನ್‌ಗಳು ಬೆಂಕಿಯಿಂದ ಹುಟ್ಟಿದವು ಎಂಬ ಮಾತೂ ಆ ಗ್ರಂಥದಲ್ಲೇ ಇದೆ. ಗೇಮಿನ ಇಫ್ರೀತ್ ಬೆಂಕಿಯುಗುಳುವುದರಿಂದ ಇಲ್ಲಿ ಹೆಸರಿನ ಜೊತೆಗೆ ಕೆಲಸವೂ ತಾಳೆಯಾಗುತ್ತದೆ.

ಎರಡನೆಯ ಹಂತದಲ್ಲಿ ಹೆಸರು ಯಾವ ಭಾಷೆಯ ಬಾಗಿಲಿನಿಂದ ಹಾದು ಬಂದಿದೆ ಎಂಬುದನ್ನು ನೋಡಬೇಕು. ತತ್ಸಮ–ತದ್ಭವ ಕಲಿತ ಕನ್ನಡಿಗರಿಗೆ ಇದು ಕಷ್ಟವಲ್ಲ. ಸಂಸ್ಕೃತದ ಯಕ್ಷ ನಮ್ಮಲ್ಲಿ ಜಕ್ಕನಾದ, ಬೌದ್ಧ ಗ್ರಂಥಗಳೊಂದಿಗೆ ಚೀನಾ ದಾಟಿ ಜಪಾನಿಗೆ ಹೋಗಿ ಯಾಶಾ ಆದ. ರಾಕ್ಷಸ ಇಲ್ಲಿ ರಕ್ಕಸನಾದರೆ ಅಲ್ಲಿ ರಾಸೆತ್ಸು. ಅಸುರ ಅಲ್ಲಿ ಅಶುರಾ. ಜಪಾನಿನ ಗೇಮಿನಲ್ಲಿ ಯಾಶಾ ಎಂಬ ಹೆಸರು ಸಿಕ್ಕಾಗ ಅದನ್ನು ‘ಯಶಸ್ಸು’ ಎಂದು ಓದಿಕೊಳ್ಳುವುದು ಸುಲಭದ ತಪ್ಪು. ಲಿಪಿಯೂ ಹೆಸರನ್ನು ಬದಲಿಸುತ್ತದೆ. ‘ಫೈನಲ್ ಫ್ಯಾಂಟಸಿ’ಯ ಏಳನೆಯ ಗೇಮಿನ 1997ರ ಇಂಗ್ಲಿಷ್ ಆವೃತ್ತಿಯಲ್ಲಿ ಏರಿಸ್ ಎಂದಿದ್ದ ನಾಯಕಿ ಮುಂದೆ ಏರಿತ್ ಆದದ್ದು, ಆ ಎರಡು ಉಚ್ಚಾರಣೆಗಳಿಗೂ ಜಪಾನೀ ಲಿಪಿಯಲ್ಲಿ ಒಂದೇ ಅಕ್ಷರ ಬಳಕೆಯಾಗುವುದರಿಂದ.

ಮೂರನೆಯದಾಗಿ ನಡುವಿನ ನಿಲ್ದಾಣಗಳನ್ನು ಪಟ್ಟಿ ಮಾಡಬೇಕು. ಇದಕ್ಕೆ ಇದೇ ಸರಣಿಯ ಬಹಾಮುತ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹೀಬ್ರೂ ಬೈಬಲ್ಲಿನ ಯೋಬನ ಗ್ರಂಥದಲ್ಲಿ ಬೆಹೆಮೋತ್ ಎಂಬುದು ಹುಲ್ಲು ಮೇಯುವ ದೈತ್ಯ ಪ್ರಾಣಿ. ಅರಬ್ಬೀ ವಿಶ್ವವರ್ಣನೆಗಳಲ್ಲಿ ಅದೇ ಹೆಸರು ಬಹಾಮುತ್ ಆಗಿ, ಭೂಮಿಯ ಭಾರದ ಕೆಳಗಿರುವ ಮಹಾಮತ್ಸ್ಯವಾಗುತ್ತದೆ. ಆದಿಶೇಷ, ದಿಗ್ಗಜಗಳ ಕಥೆ ಕೇಳಿ ಬೆಳೆದವರಿಗೆ ಈ ಕೆಲಸ ಹೊಸದಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಅಮೆರಿಕದ ಮೇಜಿನಾಟದ 1977ರ ಕೈಪಿಡಿಯಲ್ಲಿ ಅದು ಒಳ್ಳೆಯ ಡ್ರ್ಯಾಗನ್‌ಗಳ ಒಡೆಯನಾಯಿತು. ಹತ್ತು ವರ್ಷಗಳ ನಂತರ ಬಂದ ಮೊದಲ ‘ಫೈನಲ್ ಫ್ಯಾಂಟಸಿ’ಯಲ್ಲೂ ಬಹಾಮುತ್ ಡ್ರ್ಯಾಗನ್‌ಗಳ ರಾಜನೇ. ಮೇಜಿನಾಟದ ನಿಲ್ದಾಣವನ್ನು ಬಿಟ್ಟು ಗೇಮಿನಿಂದ ನೇರವಾಗಿ ಅರಬ್ಬೀ ಗ್ರಂಥಕ್ಕೆ ಹಾರಿದರೆ ಮೀನಿಗೆ ರೆಕ್ಕೆ ಮೂಡಿದ್ದು ಎಲ್ಲಿ ಎಂಬುದು ತಿಳಿಯುವುದೇ ಇಲ್ಲ.

ಇನ್ನು ಪುರಾವೆಯ ಮಾತು. ಇದಕ್ಕೆ ಹುಡುಗನನ್ನು ನಮ್ಮೂರಿನ ಶಾಸನದ ಬಂಡೆಯ ಬಳಿಗೇ ಕರೆದೊಯ್ದೆ. ಅನೇಕ ಶಾಸನಗಳಲ್ಲಿ ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ ಇತ್ತು. ಆ ಅರಸ ಅಶೋಕನೇ ಎಂದು ವಿದ್ವಾಂಸರು ಶ್ರೀಲಂಕಾದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಮಸ್ಕಿಯ ಶಾಸನದಲ್ಲಿ ಬಿರುದಿನ ಜೊತೆಗೆ ‘ಅಸೋಕಸ’ ಎಂಬ ಹೆಸರೂ ಸಿಕ್ಕಿತು, ವಾದ ಮುಗಿಯಿತು. ಗೇಮಿನ ಹೆಸರಿಗೂ ಇಂಥ, ಎರಡನ್ನೂ ಒಂದೆಡೆ ಹಿಡಿದಿಟ್ಟ ಸಾಕ್ಷಿಯನ್ನೇ ಹುಡುಕಬೇಕು.

ಈ ಅಳತೆಗೋಲನ್ನು 2024ರಲ್ಲಿ ಬಿಡುಗಡೆಯಾದ ‘ಬ್ಲ್ಯಾಕ್ ಮಿತ್: ವುಕಾಂಗ್’ ಮೇಲೆ ಇಟ್ಟು ನೋಡಿದೆವು. ಅದರ ವಾನರವೀರ ವುಕಾಂಗನ ಮೂಲ 16ನೆಯ ಶತಮಾನದ ಚೀನೀ ಕಾದಂಬರಿ ‘ಪಶ್ಚಿಮಯಾತ್ರೆ’ ಎಂಬುದರಲ್ಲಿ ಅನುಮಾನವಿಲ್ಲ. ಆ ಕಾದಂಬರಿಯ ಸನ್ಯಾಸಿಯೋ, ಪುಲಿಕೇಶಿಯ ಪಾಠದಲ್ಲಿ ನಾವೆಲ್ಲ ಓದಿದ ಹ್ಯೂಯೆನ್‌ತ್ಸಾಂಗನೇ. ಹೆಸರಿನ ಅರ್ಥ ‘ಶೂನ್ಯವನ್ನು ಅರಿತವನು’. ಆದರೆ ವುಕಾಂಗನೇ ನಮ್ಮ ಹನುಮಂತನೋ? ಅಂಜನಾದ್ರಿಯ ಮೆಟ್ಟಿಲು ಹತ್ತಿ ಬಂದ ಹುಡುಗ ಹೌದೆಂದೇ ಹಟ ಹಿಡಿದ. ಚೀನಾದ ವಿದ್ವಾಂಸರಲ್ಲೇ ಈ ಜಗಳವಿದೆ: ಹೂ ಶಿ ಅವರು ರಾಮಾಯಣದತ್ತ ಬೆರಳು ತೋರಿದರೆ, ಲೂ ಷುನ್ ಅವರು ಚೀನಾದ್ದೇ ಆದ ಜಲಪಿಶಾಚಿಯೊಂದನ್ನು ಮುಂದಿಟ್ಟರು. ಎರಡು ಹೆಸರನ್ನೂ ಹೊತ್ತ ಮಸ್ಕಿಯ ಬಂಡೆ ಇಲ್ಲಿಲ್ಲ. ಆದ್ದರಿಂದ ಅಂಕಣದಲ್ಲಿ ಎರಡು ಅಭಿಪ್ರಾಯವನ್ನೂ ಬರೆಯಿಸಿದೆ. ಅವನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಹೆಸರು ಒಂದೇ ಆದರೂ ವ್ಯಕ್ತಿ ಬೇರೆಯಾಗಿರಬಹುದು ಎಂಬುದಕ್ಕೆ 2005ರ ‘ಗಾಡ್ ಆಫ್ ವಾರ್’ನ ಕ್ರೇಟೋಸ್ ಸಾಕ್ಷಿ. ಗ್ರೀಕ್ ಪುರಾಣದ ಕ್ರೇಟೋಸ್ ಸ್ಟಿಕ್ಸ್ ಎಂಬ ದೇವತೆಯ ಮಗ, ಪ್ರೊಮೀಥಿಯಸನನ್ನು ಬಂಡೆಗೆ ಬಿಗಿಸಲು ಎಳೆದೊಯ್ದ, ದೇವತೆಗಳ ರಾಜ ಜ್ಯೂಸನ ಬಂಟ. ಗೇಮಿನವನು ಸ್ಪಾರ್ಟಾದ ಸೇನಾನಿ, ಜ್ಯೂಸನಿಗೇ ಮಗ ಮತ್ತು ಹಗೆ. ಪದದ ಅರ್ಥ ಬಲ, ಅಧಿಕಾರ. ಡೆಮಾಕ್ರಸಿಯ ಬಾಲದಲ್ಲಿರುವುದೂ ಇದೇ ಪದ.

ಕೊನೆಯದಾಗಿ, ಗೇಮ್ ಮಾಡಿದವರೇ ಏನು ಹೇಳಿದ್ದಾರೆಂದು ಅವರ ಸಂದರ್ಶನಗಳಲ್ಲಿ ನೋಡಬೇಕು. 1986ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ದ ರಾಜಕುಮಾರಿಗೆ ಯಾವ ದೇವತೆಯ ಹೆಸರೆಂದು ಹುಡುಗ ಒಂದು ಸಂಜೆಯೆಲ್ಲ ತಡಕಾಡಿದ. ಅಮೆರಿಕದ ಕಾದಂಬರಿಕಾರ ಸ್ಕಾಟ್ ಫಿಟ್ಜೆರಾಲ್ಡರ ಪತ್ನಿ ಜೆಲ್ಡಾ ಅವರ ಹೆಸರು ಕಿವಿಗೆ ಹಿತವಾಗಿತ್ತು, ಅದನ್ನೇ ಇಟ್ಟೆ ಎಂದು ಅದರ ನಿರ್ಮಾತೃ ಶಿಗೆರು ಮಿಯಾಮೊಟೊ ಹೇಳಿದ್ದಾರೆ. ಅದನ್ನು ಓದಿ ಅವನು ತನ್ನ ಪುಸ್ತಕದಲ್ಲಿ ‘ಪುರಾಣ’ ಎಂದು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಯಾರದೋ ಹೆಂಡ್ತಿ’ ಎಂದು ಬರೆದ.